ಮೈತೂಕವೂ ಮಾರ್ಗದರ್ಶಕರೂ

ಮೈತೂಕ ಇಳಿಸಿಕೊಳ್ಳಬೇಕಾದ ರೋಗಿಗಳಿಗೆ ಆಹಾರ, ವ್ಯಾಯಾಮಗಳ ವಿಷಯದಲ್ಲಿ ವಾರವಾರವೂ ಸಲಹೆ ನೀಡುವ ಆರೋಗ್ಯ ಮಾರ್ಗದರ್ಶಕರು, ಅಂದರೆ ‘ಹೆಲ್ತ್ ಕೋಚ್’ಗಳು, ಈಗ ನಮ್ಮ ನಗರಗಳಲ್ಲಿಯೂ ಕಾಣಿಸಿಕೊಂಡಿದ್ದಾರೆ. ಮಿತವಾಗಿ ಉಣ್ಣಬೇಕು, ದಿನವೂ ನಡೆಯಬೇಕು ಎಂಬುದು ಯಾರಿಗೆ ತಿಳಿಯದು, ಇದಕ್ಕೆ ಹಣವನ್ನೇಕೆ ತೆರಬೇಕು ಎಂದು ಕೇಳುವವರುಂಟು. ಪ್ರಶ್ನೆ ಸಹಜವಾದುದು. ಆದರೆ ತಿಳಿದಿರುವುದು ಬೇರೆ, ನಡೆಸುವುದು ಬೇರೆ.

ಅಮೆರಿಕದಲ್ಲಿ ಮಧುಮೇಹದ ಅಂಚಿನಲ್ಲಿದ್ದ 3,234 ಮಂದಿಯ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶವು 2002ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಂದು ಗುಂಪಿಗೆ ಮೆಟ್‌ಫಾರ್ಮಿನ್ ಮಾತ್ರೆ, ಒಂದಕ್ಕೆ ಹುಸಿ ಮಾತ್ರೆ, ಮೂರನೆಯದಕ್ಕೆ ಮಾರ್ಗದರ್ಶಕರ ನೆರವು. ಮಾರ್ಗದರ್ಶಕರು 24 ವಾರಗಳಲ್ಲಿ 16 ಪಾಠಗಳನ್ನು ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಹೇಳಿ, ಆ ಮೇಲೆಯೂ ಸಾಮಾನ್ಯವಾಗಿ ತಿಂಗಳಿಗೊಮ್ಮೆ ವಿಚಾರಿಸಿಕೊಂಡರು. ಈ ಗುಂಪಿನವರ ತೂಕ ಸರಾಸರಿ 5.6 ಕಿಲೋ ಇಳಿಯಿತು. ಹುಸಿ ಮಾತ್ರೆಯವರಿಗೆ ಹೋಲಿಸಿದರೆ ಇವರಲ್ಲಿ ಮಧುಮೇಹವು ಶೇಕಡಾ 58ರಷ್ಟು ಕಡಮೆಯಾಯಿತು. ಮೆಟ್‌ಫಾರ್ಮಿನ್ ಸೇವಿಸಿದವರಲ್ಲಿ ಕಡಮೆಯಾದುದು ಶೇಕಡಾ 31 ಮಾತ್ರ.

ನಮ್ಮ ದೇಶದ ಉದಾಹರಣೆಯೂ ಇದೆ. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ದಕ್ಷಿಣ ಭಾರತದ 537 ಮಂದಿ ದುಡಿಯುವ ಗಂಡಸರನ್ನು ಎರಡು ವರ್ಷ ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಮೊದಲಿಗೆ ಎಲ್ಲರಿಗೂ ಸಲಹೆ ನೀಡಲಾಗಿತ್ತು. ಅರ್ಧದಷ್ಟು ಮಂದಿಗೆ ಮಾತ್ರ ಆ ಬಳಿಕವೂ ಮೊಬೈಲಿನಲ್ಲಿ ಎಚ್ಚರಿಕೆಯ ಸಂದೇಶಗಳು ಹೋಗುತ್ತಿದ್ದವು. ಸಂದೇಶವಿಲ್ಲದವರಲ್ಲಿ ಶೇಕಡಾ 27 ಮಂದಿಗೆ ಮಧುಮೇಹ ಬಂದರೆ, ಸಂದೇಶ ಪಡೆದವರಲ್ಲಿ ಶೇಕಡಾ 18 ಮಂದಿಗೆ ಬಂದಿತು. ಫಲ ಕೊಟ್ಟುದು ಉಪದೇಶವಲ್ಲ, ಬಿಡದೆ ನೆನಪಿಸಿದ ಕ್ರಮ.

ಆದರೆ ಇದಕ್ಕೂ ಮಿತಿಯುಂಟು. ಅಮೆರಿಕದ ಪ್ರಯೋಗದಲ್ಲಿ ಪಾಠಗಳು ಮುಗಿದಾಗ ಅರ್ಧದಷ್ಟು ಮಂದಿ ತೂಕದ ಗುರಿ ಮುಟ್ಟಿದ್ದರು. ಕೊನೆಯ ಭೇಟಿಯ ವೇಳೆಗೆ ಆ ಪ್ರಮಾಣ ಶೇಕಡಾ 38ಕ್ಕೆ ಇಳಿದಿತ್ತು. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳನ್ನು ನಂಬಿದವರೂ ಅದನ್ನು ನಿಲ್ಲಿಸಿದ ಮೇಲೆ ಕಳೆದುಕೊಂಡ ತೂಕದ ಬಹುಭಾಗವನ್ನು ಮರಳಿ ಪಡೆಯುವುದುಂಟು. ಸಹಾಯ ನಿಂತೊಡನೆ ಹಳೆಯ ಚಾಳಿ ಹಿಂದಿರುಗುತ್ತದೆ.

ಇನ್ನು ನಮ್ಮ ವಾಚಕರ ಪಾಡು. ಗಿರಾಕಿಗಳ ಊಟ ಮುಗಿದು ಮಾಣಿಯ ಎಲೆ ಬೀಳುವಾಗ ಮಧ್ಯಾಹ್ನ ಮೂರು, ರಾತ್ರಿ ಹನ್ನೊಂದು. ನಡುವೆ ಹಸಿವನ್ನು ಅಡಗಿಸುವುದು ಸಕ್ಕರೆ ಹಾಕಿದ ಚಹಾ. ಗುಮಾಸ್ತನ ದಿನ ಕುರ್ಚಿಯಲ್ಲಿಯೂ ರೈಲಿನಲ್ಲಿಯೂ ಸವೆಯುತ್ತದೆ. ಇಂತಹವರಿಗೆ ‘ಸಂಜೆ ಏಳಕ್ಕೆ ಉಣ್ಣಿರಿ’ ಎನ್ನುವ ಮಾರ್ಗದರ್ಶಕನಿಂದ ಪ್ರಯೋಜನವಿಲ್ಲ. ಮೊದಲು ಪಾಳಿ ಯಾವುದು, ಸಂಬಳವೆಷ್ಟು ಎಂದು ಕೇಳುವವನೇ ನಿಜವಾದ ಮಾರ್ಗದರ್ಶಕ. ಆತನೂ ವೈದ್ಯನಲ್ಲವೆಂಬುದನ್ನು ಮರೆಯಬಾರದು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಕೂಡದು.

ಹಣ ತೆರಲಾಗದವರು ನಿರಾಶರಾಗಬೇಕಾಗಿಲ್ಲ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡುವ ಪುಸ್ತಕ, ‘ಈ ವಾರ ಎಷ್ಟು ನಡೆದೆ?’ ಎಂದು ಕೇಳುವ ಒಬ್ಬ ಜೊತೆಗಾರ: ಇಷ್ಟರಿಂದಲೇ ಆರಂಭಿಸಬಹುದು. ಆದರೆ ನೌಕರನಿಗೆ ಹೊತ್ತಿಗೆ ಸರಿಯಾಗಿ ಊಟಕ್ಕೆ ಬಿಡುವು ಕೊಡುವುದು ಮಾಲಿಕರ ಕೈಯಲ್ಲಿದೆ. ಆ ಬಿಡುವು ದೊರೆಯದೆ ಯಾವ ಮಾರ್ಗದರ್ಶನವೂ ಸಾರ್ಥಕವಾಗದೆಂದು ನಾವು ಒತ್ತಿ ಹೇಳಬಯಸುತ್ತೇವೆ.