ಹೆದ್ದಾರಿ 75 ಮಂಗಳೂರು ಮುಟ್ಟುವುದಿಲ್ಲ

ಬೆಂಗಳೂರಿನಿಂದ ಹೊರಟು ಹಾಸನ, ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು ಕರಾವಳಿಗೆ ಬರುವ ರಸ್ತೆಯನ್ನು ಎಲ್ಲರೂ ಬೆಂಗಳೂರು–ಮಂಗಳೂರು ಹೆದ್ದಾರಿ ಎಂದೇ ಕರೆಯುತ್ತಾರೆ. ಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ. ಕೇಂದ್ರದ ಅಧಿಸೂಚನೆಯಲ್ಲಿ ಮಾತ್ರ ರಾಷ್ಟ್ರೀಯ ಹೆದ್ದಾರಿ 75ರ ಪಶ್ಚಿಮದ ತುದಿ ಮಂಗಳೂರಲ್ಲ, ಬಂಟ್ವಾಳ. ಬಿ.ಸಿ. ರೋಡಿನ ಹತ್ತಿರ ಅದು ಹೆದ್ದಾರಿ 73ನ್ನು ಕೂಡಿ ಮುಗಿದುಹೋಗುತ್ತದೆ. ಅಲ್ಲಿಂದ ಮಂಗಳೂರಿಗೆ ಉಳಿಯುವ ಸುಮಾರು 25 ಕಿ.ಮೀ. ಹೆದ್ದಾರಿ 73ರ ಪಾಲಿನದು. ಆ 73 ಹೋಗುವುದು ಬೇರೆಯೇ ದಿಕ್ಕಿಗೆ: ಬೆಳ್ತಂಗಡಿ ದಾಟಿ, ಚಾರ್ಮಾಡಿ ಹತ್ತಿ, ಮೂಡಿಗೆರೆ, ಬೇಲೂರು, ಅರಸೀಕೆರೆ, ತಿಪಟೂರು ಹಾದು ತುಮಕೂರಿಗೆ.

ಇದನ್ನು ತಿಳಿದು ಯಾರಿಗೇನು ಎನ್ನುವವರಿದ್ದಾರೆ. ಮಳೆಗಾಲ ಬಂದಾಗ ಉತ್ತರ ಸಿಗುತ್ತದೆ. ಶಿರಾಡಿಯಲ್ಲಿ ಗುಡ್ಡ ಕುಸಿದರೆ ಅಧಿಕಾರಿಗಳ ಪ್ರಕಟಣೆ ಹೊರಡುವುದು ಹೆದ್ದಾರಿ ಸಂಖ್ಯೆಯಲ್ಲಿ: 75 ಬಂದ್, 73 ಅಥವಾ 275ರಲ್ಲಿ ಹೋಗಿ. ಲಾರಿ ಚಾಲಕರು, ಬಸ್ಸಿನವರು, ಆಸ್ಪತ್ರೆಗೆಂದು ಮಂಗಳೂರಿಗೆ ಹೊರಟ ಮಲೆನಾಡಿನ ಕುಟುಂಬಗಳು ದಾರಿಯನ್ನು ಗುರುತಿಡುವುದು ಸಂಖ್ಯೆಯಿಂದಲ್ಲ, ಘಾಟಿಯ ಹೆಸರಿನಿಂದ. 75 ಎಂದರೆ ಶಿರಾಡಿ, 73 ಎಂದರೆ ಚಾರ್ಮಾಡಿ, 275 ಎಂದರೆ ಮಾಣಿಯಲ್ಲಿ ಕವಲೊಡೆದು ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿ ಮೂಲಕ ಮೈಸೂರು, ಬೆಂಗಳೂರು ಸೇರುವ ದಾರಿ. ಮೂರು ಘಾಟಿಗಳಿಂದ ಇಳಿದ ರಸ್ತೆಗಳೂ ಕೂಡುವುದು ಬಂಟ್ವಾಳದ ಆಸುಪಾಸಿನಲ್ಲಿಯೇ. 2018ರ ಆಗಸ್ಟ್‌ನಲ್ಲಿ ಶಿರಾಡಿಯೂ ಸಂಪಾಜೆಯೂ ಒಟ್ಟಿಗೆ ಮುಚ್ಚಿದಾಗ ಕರಾವಳಿ ಬಹುಪಾಲು ಒಂಟಿಯಾಯಿತು. ಅಂಥ ಹೊತ್ತಿನಲ್ಲಿ ಎದುರಿನ ಫಲಕ ಒಂದು ಭಾಷೆಯಲ್ಲಿ, ಚಾಲಕನ ತಲೆಯೊಳಗಿನ ನಕ್ಷೆ ಇನ್ನೊಂದರಲ್ಲಿ ಇರಕೂಡದು.

ಈ ಗೊಂದಲದ ಬೇರು 2010ರಲ್ಲಿದೆ. ಆ ವರ್ಷ ಕೇಂದ್ರ ಸರ್ಕಾರ ದೇಶದ ರಾಷ್ಟ್ರೀಯ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಿತು. ಉತ್ತರ–ದಕ್ಷಿಣದ ಮುಖ್ಯ ರಸ್ತೆಗಳಿಗೆ ಸಮಸಂಖ್ಯೆ, ಅದು ಪೂರ್ವದಿಂದ ಪಶ್ಚಿಮಕ್ಕೆ ಏರುತ್ತದೆ. ಪೂರ್ವ–ಪಶ್ಚಿಮದವಕ್ಕೆ ಬೆಸಸಂಖ್ಯೆ, ಅದು ಉತ್ತರದಿಂದ ದಕ್ಷಿಣಕ್ಕೆ ಏರುತ್ತದೆ. ಕವಲು ರಸ್ತೆಗೆ ಮೂರಂಕಿ, ಕೊನೆಯ ಎರಡಂಕಿ ತಾಯಿರಸ್ತೆಯದು. ಹೀಗಾಗಿ 275 ಎಂದೊಡನೆ ಅದು 75ರ ಕವಲು ಎಂದು ಗೊತ್ತಾಗುತ್ತದೆ, 66 ಎಂದರೆ ಪಶ್ಚಿಮದ ಅಂಚಿನದು ಎಂದು ಊಹಿಸಬಹುದು. ಹಳೆಯ ಪದ್ಧತಿಗಿಂತ ಇದು ಉತ್ತಮ, ಅದರಲ್ಲಿ ಅನುಮಾನವಿಲ್ಲ. ಆದರೆ ಈ ಕೀಲಿಕೈಯನ್ನು ರಸ್ತೆ ಬಳಸುವವರ ಕೈಗೆ ಯಾರೂ ಕೊಡಲಿಲ್ಲ.

ನೆಲಮಂಗಲವನ್ನೇ ನೋಡಿ. ಅಲ್ಲಿ ತುಮಕೂರಿನ ರಸ್ತೆಯೂ ಹಾಸನದ ರಸ್ತೆಯೂ ಬೇರೆಯಾಗುತ್ತವೆ. ಮೊದಲು ತುಮಕೂರಿನ ಕಡೆಯದು 4, ಹಾಸನದ ಕಡೆಯದು 48. ಈಗ ಹಾಸನದ ಕಡೆಯದು 75, ತುಮಕೂರಿನ ಕಡೆಯದು 48! ಅದೇ ಕವಲಿನಲ್ಲಿ ಅದೇ ಸಂಖ್ಯೆ ಇನ್ನೊಂದು ಮಗ್ಗುಲಿಗೆ ಹೊರಳಿದೆ. ಹಳೆಯ ನಕ್ಷೆಯನ್ನೋ ಹಳಬರ ಮಾತನ್ನೋ ನಂಬಿ 48 ಹಿಡಿದವರು ಶಿರಾಡಿಯ ಬದಲು ಚಿತ್ರದುರ್ಗದ ಕಡೆಗೆ ಹೋಗುತ್ತಾರೆ. ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿಯ ಜನರಿಗೆ ತಮ್ಮ ರಸ್ತೆ ಇನ್ನೂ ‘ಎನ್‌ಎಚ್ ಫೋರ್’, ಉಡುಪಿಯವರಿಗೆ ‘ಎನ್‌ಎಚ್ ಸೆವೆಂಟೀನ್’. ಅಧಿಕೃತ ಪಟ್ಟಿಯಲ್ಲಿ 4 ಈಗ ಅಂಡಮಾನಿನ ರಸ್ತೆ, 17 ಉತ್ತರ ಬಂಗಾಳದಿಂದ ಗುವಾಹಟಿಗೆ ಹೋಗುವ ರಸ್ತೆ. ಹಳೆಯ ಸಂಖ್ಯೆ ಬಳಸುವ ಜನರನ್ನು ದೂರುವುದು ಅನ್ಯಾಯ. ಬದಲಾವಣೆಯನ್ನು ಅವರಿಗೆ ಮುಟ್ಟಿಸುವ ಹೊಣೆ ಇದ್ದುದು ಸರ್ಕಾರಕ್ಕೆ.

ಸೊಲ್ಲಾಪುರದಿಂದ ಮಂಗಳೂರಿಗೆ ಬರುತ್ತಿದ್ದ ಹಳೆಯ 13ರ ಪಾಡು ಇನ್ನೂ ಕಷ್ಟದ್ದು. ಒಂದೇ ದಾರಿ ಈಗ ನಾಲ್ಕು ಸಂಖ್ಯೆಗಳಾಗಿ ಒಡೆದಿದೆ. ವಿಜಯಪುರದವರೆಗೆ 52, ಅಲ್ಲಿಂದ ಹೊಸಪೇಟೆ ಮೂಲಕ ಚಿತ್ರದುರ್ಗದವರೆಗೆ 50, ಶಿವಮೊಗ್ಗದವರೆಗೆ 369, ಆಮೇಲೆ 169. ತೀರ್ಥಹಳ್ಳಿಯಲ್ಲಿ 169ಎ ಎಂಬ ಇನ್ನೊಂದು ಒಡೆದು, ಆಗುಂಬೆ ಇಳಿದು, ಉಡುಪಿ ದಾಟಿ ಮಲ್ಪೆಯಲ್ಲಿ ಮುಗಿಯುತ್ತದೆ. ಉತ್ತರ ಕರ್ನಾಟಕದಿಂದ ಕರಾವಳಿಗೆ ಸರಕು ತರುವವರು ಮೊದಲು ಒಂದು ಅಂಕಿ ನೆನಪಿಟ್ಟರೆ ಸಾಕಿತ್ತು.

ಹೆದ್ದಾರಿ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆ ದಾರಿಹೋಕರಿಗೆ ಮಾತ್ರ ಸೇರಿದ್ದೂ ಅಲ್ಲ. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರುವಂತಿಲ್ಲ ಎಂದಿತು. 2017ರ ಜುಲೈ ಬಂದಾಗ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳ ಬಾರ್‌ಗಳು ಬಾಗಿಲು ಹಾಕಬೇಕಾಯಿತು. ಎಂ.ಜಿ. ರಸ್ತೆಯನ್ನು ಹೆದ್ದಾರಿ ಎಂದುಕೊಂಡು ನಡೆದಾಡಿದವರು ಯಾರು? ಆದರೂ ಕಡತದಲ್ಲಿ ಹೆದ್ದಾರಿ ನಗರದ ನಡುವೆಯೇ ಹಾದುಹೋಗುತ್ತಿತ್ತು. ನಗರದೊಳಗಿನ ಭಾಗಗಳನ್ನು ಪಟ್ಟಿಯಿಂದ ಕೈಬಿಡಿ ಎಂದು ರಾಜ್ಯ ಸರ್ಕಾರ ಕೇಂದ್ರದ ಮೊರೆಹೋಯಿತು. ನಗರಾಡಳಿತದ ವ್ಯಾಪ್ತಿಗೆ ಆದೇಶ ಅನ್ವಯಿಸದು ಎಂದು ಅದೇ ನ್ಯಾಯಾಲಯ ಆಮೇಲೆ ಸ್ಪಷ್ಟಪಡಿಸಿತು. ಮದ್ಯ ಬೇಕೇ ಬೇಡವೇ ಎಂಬ ಮಾತು ಬೇರೆ. ಹೆದ್ದಾರಿಯ ಗಡಿ ನೆಲದ ಮೇಲೆ ಯಾರಿಗೂ ಕಾಣದೆ ಕಡತದಲ್ಲಷ್ಟೇ ಉಳಿದದ್ದು ಇಲ್ಲಿನ ತೊಂದರೆ.

ದುರಸ್ತಿಯ ಹೊಣೆಯೂ ಈ ಗಡಿಯನ್ನೇ ಹಿಡಿದಿದೆ. ರಾಷ್ಟ್ರೀಯ ಹೆದ್ದಾರಿ ಎಂಬ ಒಂದೇ ಹೆಸರಿನಡಿ ಕೆಲವು ಭಾಗ ಹೆದ್ದಾರಿ ಪ್ರಾಧಿಕಾರದ್ದು, ಕೆಲವು ಭಾಗ ರಾಜ್ಯ ಲೋಕೋಪಯೋಗಿ ಇಲಾಖೆಯ ಹೆದ್ದಾರಿ ವಿಭಾಗದ್ದು. ಗುಂಡಿಗೆ ಬಿದ್ದ ಬೈಕ್ ಸವಾರ ಯಾರನ್ನು ಕೇಳಬೇಕು? ಅಪಘಾತವಾದಾಗ ಸಹಾಯವಾಣಿ 1033ಕ್ಕೆ ಕರೆ ಮಾಡಿದವರು ಮೊದಲು ಹೇಳಬೇಕಾದದ್ದು ತಾವೆಲ್ಲಿದ್ದೇವೆ ಎಂಬುದನ್ನು. ಹೆದ್ದಾರಿಯ ಸಂಖ್ಯೆ, ಹಳದಿ ತಲೆಯ ಕಿಲೋಮೀಟರ್ ಕಲ್ಲಿನ ಅಂಕಿ ಎರಡೂ ಸರಿ ಇದ್ದರೆ ಆಂಬುಲೆನ್ಸ್ ನೇರ ಬರುತ್ತದೆ. ಬಳಕೆಯ ಸಂಖ್ಯೆ ಒಂದು, ಕಡತದ ಸಂಖ್ಯೆ ಇನ್ನೊಂದು ಎಂದಾದರೆ ಜೀವ ಉಳಿಸುವ ನಿಮಿಷಗಳು ವಿವರಣೆಯಲ್ಲೇ ಕಳೆದುಹೋಗುತ್ತವೆ.

ಪರಿಹಾರಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಅಮೆರಿಕದಲ್ಲಿ ಮಾರ್ಗವೊಂದು ಮುಗಿಯುವಲ್ಲಿ ಅದರ ಸಂಖ್ಯೆಯ ಮೇಲೆ ‘ಎಂಡ್’ ಎಂಬ ಪುಟ್ಟ ಪಟ್ಟಿ ಹಾಕುತ್ತಾರೆ. ಬ್ರಿಟನ್ನಿನಲ್ಲಿ ಮೋಟರ್‌ವೇ ಕೊನೆಯಾಗುವಲ್ಲಿ ಅದರ ಚಿಹ್ನೆಗೆ ಕೆಂಪು ಗೆರೆ ಎಳೆದ ಫಲಕ ನಿಂತಿರುತ್ತದೆ. ಇಲ್ಲಿಯೂ ಪ್ರತಿ ಹೆದ್ದಾರಿಯ ಎರಡೂ ತುದಿಗಳಲ್ಲಿ, ಎಲ್ಲರೂ ಓದುವ ಕನ್ನಡದಲ್ಲಿ, ‘ಇಲ್ಲಿಂದ 75 ಮುಗಿಯಿತು, ಮುಂದೆ 73’ ಎಂದು ಬರೆದು ನಿಲ್ಲಿಸಬಹುದು. ಹಳೆಯ ಸಂಖ್ಯೆ ಜನರ ಬಾಯಲ್ಲಿರುವವರೆಗೂ ಹೊಸದರ ಕೆಳಗೆ ಅದನ್ನೂ ಸಣ್ಣಕ್ಷರದಲ್ಲಿ ಉಳಿಸಬೇಕು. ಘಾಟಿ ಇರುವೆಡೆ ಸಂಖ್ಯೆಗಿಂತ ಮೊದಲು, ದೊಡ್ಡದಾಗಿ, ಘಾಟಿಯ ಹೆಸರು ಬರಬೇಕು.

ಬಿ.ಸಿ. ರೋಡಿನಿಂದ ಅಡ್ಡಹೊಳೆಯವರೆಗಿನ ಚತುಷ್ಪಥದ ಕೆಲಸ ವರ್ಷಗಟ್ಟಲೆ ಎಳೆದಿದೆ. ಧೂಳು ಕುಡಿದು, ಕೆಸರು ತುಳಿದು ಆ ದಾರಿಯ ಊರುಗಳು ಅದನ್ನು ಸಹಿಸಿಕೊಂಡಿವೆ. ಹೊಸ ರಸ್ತೆಗೆ ಹೊಸ ಫಲಕಗಳು ಹೇಗೂ ಬೇಕು. ಮೊದಲನೆಯದನ್ನು ಬಂಟ್ವಾಳದಲ್ಲಿ, 75 ಮುಗಿಯುವ ಜಾಗದಲ್ಲೇ ನೆಡಲಿ; ಎರಡನೆಯದನ್ನು ಮಾಣಿಯ ಕವಲಿನಲ್ಲಿ, ಮುಂದಿನ ಮಳೆಗಾಲ ಹಿಡಿಯುವ ಮುನ್ನ.