ಹಳೆಯ ಲಾರಿಯ ಜೀರ್ಣೋದ್ಧಾರ

ಕಬ್ಬು, ಗೊಬ್ಬರ, ಹುಲ್ಲು, ಇಟ್ಟಿಗೆ ಮೊದಲಾದುವುಗಳ ಸಾಗಣೆಗಾಗಿ ಒಂದು ಕಾಲದಲ್ಲಿ ಹೇರಳವಾಗಿ ಹಣ ತೆತ್ತು ಕೊಂಡ ಲಾರಿಯು ಕಣದ ಅಂಚಿನ ಹೊಂಗೆಯ ಮರದಡಿಯಲ್ಲಿ ತುಕ್ಕು ಹಿಡಿಯುತ್ತ, ಕೋಳಿಗಳಿಗೆ ಆಶ್ರಯವಾಗಿ ನಿಂತಿರುವುದನ್ನು ಅನೇಕ ಗ್ರಾಮಗಳಲ್ಲಿ ಕಾಣಬಹುದು. ಅದರ ಒಡೆಯರಾದ ಜಮೀನುದಾರರು ಒಂದೋ ಅದನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟುಬಿಡುತ್ತಾರೆ, ಇಲ್ಲವೇ ಪಟ್ಟಣದ ಗ್ಯಾರೇಜಿಗೆ ಕಳುಹಿಸಿ, ಕೇಳಿದಷ್ಟು ಹಣವನ್ನು ಕೇಳಿದಾಗಲೆಲ್ಲ ಕೊಡುತ್ತಾರೆ. ತಾವೇ ಮುಂದೆ ನಿಂತು, ಮನೆಯ ಹುಡುಗರನ್ನು ಜೊತೆಗಿಟ್ಟುಕೊಂಡು ಅದನ್ನು ಸರಿಪಡಿಸಬಹುದೆಂಬ ಯೋಚನೆ ಕೆಲವರಿಗೇ ಬರುವುದು. ಆ ಕೆಲವರಲ್ಲಿಯೂ ಹೆಚ್ಚು ಮಂದಿ ಕೆಲಸವನ್ನು ಬಾಲದಿಂದ ಆರಂಭಿಸುತ್ತಾರೆ. ಎಂದರೆ, ಮೊದಲು ಬಣ್ಣ ಬಳಿಸುತ್ತಾರೆ.

ಇಂತಹ ಉದ್ಧಾರಕ್ಕೆ ಹಳೆಯ ಲಾರಿಯೇ ಹೊಸದಕ್ಕಿಂತ ಅನುಕೂಲವೆಂಬುದು ವಿಚಿತ್ರವಾಗಿ ತೋರಬಹುದು. ಟಾಟಾ ಇಂಜಿನಿಯರಿಂಗ್ ಮತ್ತು ಲೋಕೋಮೋಟಿವ್ ಕಂಪೆನಿಯವರು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಕಂಪೆನಿಯವರೊಡನೆ ಒಪ್ಪಂದ ಮಾಡಿಕೊಂಡು ಜಮ್ಷೆಡ್‌ಪುರದಲ್ಲಿ ಲಾರಿಗಳ ತಯಾರಿಕೆಯನ್ನು ಕೈಗೊಂಡರು. 1969ರಲ್ಲಿ ಒಪ್ಪಂದ ಮುಗಿದರೂ ಆ ವಂಶದ ಎಂಜಿನುಗಳು ಬಹುಕಾಲ ತಯಾರಾಗುತ್ತಿದ್ದುವು. ಅವುಗಳಲ್ಲಿ ಪ್ರಸಿದ್ಧವಾದುದು 697 ಎಂಬ ಹೆಸರಿನದು. ಹೆಸರಿನಲ್ಲಿಯೇ ಅದರ ಲಕ್ಷಣವಡಗಿದೆ: 6 ಸಿಲಿಂಡರುಗಳು, ಒಂದೊಂದರ ವ್ಯಾಸ 97 ಮಿಲಿಮೀಟರು. ಪಿಸ್ಟನ್ನಿನ ಓಟ 128 ಮಿಲಿಮೀಟರಾದುದರಿಂದ ಒಟ್ಟು ಗಾತ್ರವು 5.7 ಲೀಟರಿಗೆ ಸಮೀಪವಾಗುತ್ತದೆ. ಇದರಲ್ಲಿ ವಿದ್ಯುತ್ತಿನ ಮಿದುಳಾಗಲಿ, ಕಂಪ್ಯೂಟರಿಗೆ ಜೋಡಿಸದೆ ತಿಳಿಯಲಾಗದ ರೋಗವಾಗಲಿ ಇಲ್ಲ. ಕಣ್ಣಿಗೆ ಕಾಣುವ, ಕೈಗೆ ಸಿಗುವ ಕಬ್ಬಿಣವೇ ಎಲ್ಲವೂ. ಪಂಪ್‌ಸೆಟ್ಟನ್ನು ಬಿಚ್ಚಿ ಜೋಡಿಸಬಲ್ಲ ರೈತನ ಮಗನಿಗೆ ಇದು ಪರಕೀಯವಾಗಲಾರದು.

ಆದರೆ ಸ್ಪ್ಯಾನರು ಹಿಡಿಯುವುದಕ್ಕೆ ಮೊದಲು ಕಾಗದಪತ್ರಗಳನ್ನು ನೋಡತಕ್ಕದ್ದು. ನೋಂದಣಿಯ ಪುಸ್ತಕದಲ್ಲಿರುವ ಚಾಸಿಯ ಸಂಖ್ಯೆಯೂ ಕಬ್ಬಿಣದ ಮೇಲೆ ಕೊರೆದಿರುವ ಸಂಖ್ಯೆಯೂ ಒಂದೇ ಆಗಿರಬೇಕು. ಎಂಜಿನನ್ನು ಬದಲಾಯಿಸುವುದಾದರೆ 1988ರ ಮೋಟಾರು ವಾಹನಗಳ ಶಾಸನದ 52ನೆಯ ಪ್ರಕರಣಕ್ಕೆ ಅನುಸಾರವಾಗಿ ನಡೆಯಬೇಕು. ಎಂಟು ವರ್ಷ ದಾಟಿದ ಲಾರಿಗೆ ಪ್ರತಿವರ್ಷವೂ ಅರ್ಹತಾ ಪತ್ರವನ್ನು ಪಡೆಯಬೇಕಾಗಿದ್ದು, ಹದಿನೈದು ವರ್ಷ ದಾಟಿದವುಗಳ ಪರೀಕ್ಷಾ ಶುಲ್ಕವನ್ನು 1-4-2022ರಿಂದ ಬಹುವಾಗಿ ಹೆಚ್ಚಿಸಲಾಗಿದೆ. ಈ ಲೆಕ್ಕವನ್ನು ಹಾಕದೆ ಎಂಜಿನಿಗೆ ಹಣ ಸುರಿದವರು ಚೆನ್ನಾಗಿ ಓಡುವ, ಆದರೆ ರಸ್ತೆಗೆ ಇಳಿಯಲಾಗದ ಲಾರಿಯೊಂದರ ಒಡೆಯರಾಗುತ್ತಾರೆ.

ಅನಂತರ ಲಾರಿಯ ಅಡಿಯಲ್ಲಿ ಮಲಗಿ ಚಾಸಿಯನ್ನು ಪರೀಕ್ಷಿಸಬೇಕು. ಸ್ಪ್ರಿಂಗ್ ಪಟ್ಟಿಗಳನ್ನು ತೂಗುಹಾಕಿರುವ ಕಡೆಗಳಲ್ಲಿಯೂ ಅಡ್ಡತೊಲೆಗಳು ಸೇರುವಲ್ಲಿಯೂ ಮಣ್ಣು ಗ್ರೀಸುಗಳನ್ನು ಕೆರೆದು ನೋಡಿದರೆ ಬಿರುಕು ಕಾಣುವುದುಂಟು. ಗೊಬ್ಬರವನ್ನೂ ಉಪ್ಪನ್ನೂ ಹೊತ್ತ ಲಾರಿಗಳಲ್ಲಿ ತುಕ್ಕು ಎರಡು ತಗಡುಗಳ ನಡುವೆ ಹೊಕ್ಕು ಅವನ್ನು ಅಗಲಿಸಿರುತ್ತದೆ. ಚಾಸಿಯೇ ಸವೆದಿದ್ದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸುವುದು ಲೇಸು. ತಂದೆಯ ಕಾಲದ ಲಾರಿಯೆಂಬ ಅಭಿಮಾನವು ಮೆಚ್ಚತಕ್ಕದ್ದೇ. ಅದರೆ ಅಭಿಮಾನವು ಹತ್ತು ಟನ್ನಿನ ಹೊರೆಯನ್ನು ಹೊರಲಾರದು.

ಬಹುಕಾಲ ನಿಂತ ಎಂಜಿನನ್ನು ಬ್ಯಾಟರಿ ಜೋಡಿಸಿ ಒಮ್ಮೆಲೇ ತಿರುಗಿಸುವ ಆತುರದಿಂದ ಕೆಟ್ಟ ಎಂಜಿನುಗಳು ಬಹಳ. ನಾಜಲ್ಲುಗಳನ್ನು ಕಳಚಿ, ಆ ರಂಧ್ರಗಳ ಮೂಲಕ ಪ್ರತಿಯೊಂದು ಸಿಲಿಂಡರಿಗೂ ಸ್ವಲ್ಪ ಎಣ್ಣೆಯನ್ನು ಬಿಟ್ಟು, ಎರಡು ದಿನ ನೆನೆಯಗೊಟ್ಟು, ಬಳಿಕ ಸ್ಪ್ಯಾನರಿನಿಂದ ಕೈಯಲ್ಲಿಯೇ ಮೆಲ್ಲಗೆ ತಿರುಗಿಸಬೇಕು. ಹಳೆಯ ಎಣ್ಣೆಯನ್ನೂ ಟ್ಯಾಂಕಿನಲ್ಲಿ ಕೊಳೆತ ಡೀಸಲನ್ನೂ ಪೂರ್ತಿಯಾಗಿ ಹೊರಚೆಲ್ಲಿ, ಫಿಲ್ಟರುಗಳನ್ನು ಬದಲಾಯಿಸಿ, ಡೀಸಲಿನ ಕೊಳವೆಗಳಲ್ಲಿ ಸೇರಿರುವ ಗಾಳಿಯನ್ನು ತೆಗೆಯಬೇಕು. ಮೊದಲ ಬಾರಿಗೆ ಎಂಜಿನನ್ನು ಚಾಲೂ ಮಾಡುವಾಗ, ಗಾಳಿ ಹೀರುವ ಕೊಳವೆಯ ಬಾಯಿಗೆ ಸರಿಯಾಗಿ ಕೂರುವ ಹಲಗೆಯೊಂದನ್ನು ಹಿಡಿದು ಒಬ್ಬನು ಪಕ್ಕದಲ್ಲಿ ನಿಂತಿರತಕ್ಕದ್ದು. ಪಂಪಿನೊಳಗಿನ ಸರಳು ಅಂಟಿಕೊಂಡಿದ್ದರೆ ಎಂಜಿನು ಯಾರ ಮಾತನ್ನೂ ಕೇಳದೆ ಮೇಲುಮೇಲಕ್ಕೆ ಓಡಿ ಒಡೆದುಹೋಗುತ್ತದೆ. ಗಾಳಿಯನ್ನು ಮುಚ್ಚುವುದೊಂದೇ ಆಗ ಉಳಿಯುವ ಉಪಾಯ. ಹಲಗೆಯ ಬದಲು ಅಂಗೈಯನ್ನು ಒಡ್ಡಬಾರದೆಂದು ಹುಡುಗರಿಗೆ ಮುಂಚೆಯೇ ತಿಳಿಸಿರಬೇಕು.

ಡೀಸಲಿನ ಪಂಪನ್ನೂ ನಾಜಲ್ಲುಗಳನ್ನೂ ಮಾತ್ರ ಮನೆಯಲ್ಲಿ ಬಿಚ್ಚಬಾರದು. ಇವುಗಳ ಒಳಭಾಗಗಳು ಕೂದಲಿಗಿಂತಲೂ ಎಷ್ಟೋ ಸೂಕ್ಷ್ಮವಾದ ಸಂದಿಗೆ ಉಜ್ಜಿ ಹೊಂದಿಸಿದವು. ಒಂದು ಕಣ ಮರಳು ಸಾಕು ಕೆಡಿಸಲು. 1951ರಲ್ಲಿ ಸ್ಥಾಪಿತವಾಗಿ ಮೈಕೊ ಎಂದು ಹೆಸರಾದ ಬೆಂಗಳೂರಿನ ಕಾರ್ಖಾನೆಯವರು ಇಂತಹ ಪಂಪುಗಳನ್ನು ತಯಾರಿಸುತ್ತ ಬಂದುದರಿಂದ, ಅವನ್ನು ಯಂತ್ರದ ಮೇಲೆ ಕೂರಿಸಿ ಅಳೆದು ಸರಿಮಾಡಬಲ್ಲ ಕುಶಲಿಗಳು ಈ ಪ್ರಾಂತದಲ್ಲಿ ದುರ್ಲಭರಲ್ಲ. ಅವರಿಗೆ ಕೊಡುವ ಕೂಲಿಯು ನಷ್ಟವಲ್ಲ.

ಇನ್ನು ಬ್ರೇಕು ಮತ್ತು ಗಾಲಿಗಳು. ಲಾಭನಷ್ಟದ ಮಾತು ಇಲ್ಲಿಗೆ ಮುಗಿದು ಪ್ರಾಣದ ಮಾತು ಮೊದಲಾಗುತ್ತದೆ. ಜಾಕಿಯೊಂದನ್ನೇ ನಂಬಿ ಲಾರಿಯ ಕೆಳಗೆ ನುಸುಳುವುದು ಆತ್ಮಹತ್ಯೆಗೆ ಸಮಾನ. ಗಟ್ಟಿಯಾದ ಮರದ ದಿಮ್ಮಿಗಳನ್ನು ಕೊಟ್ಟೇ ಇಳಿಯಬೇಕು. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಇರುವುದರಿಂದ ಡ್ರಮ್ಮಿನ ಧೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಇವೆಲ್ಲಕ್ಕಿಂತ ಭಯಂಕರವಾದುದು ರಿಂಗು ಕೂರಿಸುವ ರಿಮ್ಮು. ತುಕ್ಕು ತಿಂದ ಅಥವಾ ಸರಿಯಾಗಿ ಕೂರದ ರಿಂಗು, ಗಾಳಿ ತುಂಬುವಾಗ ತೋಪಿನ ಗುಂಡಿನಂತೆ ಸಿಡಿಯುತ್ತದೆ. ಅದರ ಎದುರಿನಲ್ಲಿ ಕುಳಿತವರು ಸತ್ತಿರುವುದುಂಟು. ಗಾಲಿಯನ್ನು ಬಿಚ್ಚುವ ಮೊದಲು ಗಾಳಿಯನ್ನು ಪೂರ್ತಿಯಾಗಿ ಬಿಡಬೇಕು. ತುಂಬುವಾಗ ದಪ್ಪ ಸರಪಳಿಯಿಂದ ಗಾಲಿಯನ್ನು ಬಿಗಿದು, ಉದ್ದವಾದ ಕೊಳವೆಯನ್ನು ಹಿಡಿದು ಪಕ್ಕದಲ್ಲಿ ದೂರ ನಿಲ್ಲಬೇಕು. ಇಷ್ಟು ಏರ್ಪಾಡು ಮನೆಯಲ್ಲಿಲ್ಲದಿದ್ದರೆ ಟೈರಿನ ಅಂಗಡಿಗೇ ಒಯ್ಯುವುದು ವಿವೇಕ. ಒಂದು ಗಾಲಿಯ ಕೂಲಿಯನ್ನು ಉಳಿಸಲು ಕೂಲಿಯವನ ಮಗನನ್ನು ರಿಮ್ಮಿನ ಮುಂದೆ ಕೂರಿಸುವ ಯಜಮಾನನನ್ನು ಯಾವ ನ್ಯಾಯವೂ ಕ್ಷಮಿಸತಕ್ಕದ್ದಲ್ಲ.

ಹಳೆಯ ಎಂಜಿನಿನ ಹೊಗೆಯಿಂದ ಊರಿಗೆ ಕೇಡಲ್ಲವೇ ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪವು ಸರಿಯಾದುದೇ. 1-4-2020ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6ರ ನಿಯಮಕ್ಕೆ ಹೊಂದುವ ಹೊಸ ಲಾರಿಗಳಿಗೆ ಹೋಲಿಸಿದರೆ ಇವು ಉಗುಳುವ ಮಸಿ ಬಹಳ ಹೆಚ್ಚು. ಆದಕಾರಣ ದಿನಂಪ್ರತಿ ನೂರಾರು ಕಿಲೋಮೀಟರು ಬಾಡಿಗೆಗೆ ಓಡಿಸಬೇಕೆನ್ನುವವರು ಹಳೆಯದನ್ನು ಬಿಟ್ಟು ಹೊಸದನ್ನು ಕೊಳ್ಳುವುದೇ ಯುಕ್ತ. ಡೀಸಲಿನ ಉಳಿತಾಯವೂ ಅದರಲ್ಲಿದೆ. ವರ್ಷದಲ್ಲಿ ಎರಡು ಮೂರು ತಿಂಗಳು, ಸ್ವಂತ ಗದ್ದೆಯ ಕಬ್ಬನ್ನು ಹತ್ತಿರದ ಕಾರ್ಖಾನೆಗೆ ಸಾಗಿಸುವವನ ವಿಷಯ ಬೇರೆ. ಅಷ್ಟು ಕೆಲಸಕ್ಕಾಗಿ ಹೊಸ ಲಾರಿಯ ಸಾಲವನ್ನು ಹೊತ್ತು, ಕಂತು ತಪ್ಪಿ, ಜಮೀನಿನ ಮೇಲೆ ಸಾಲವೇರಿಸಿಕೊಂಡ ಮನೆತನಗಳನ್ನು ಗ್ರಾಮದ ಯಜಮಾನರು ಕಾಣದವರಲ್ಲ.

ಕೆಲಸದ ಉದ್ದಕ್ಕೂ ಒಂದು ಲೆಕ್ಕದ ಪುಸ್ತಕವನ್ನಿಟ್ಟು, ಕಳಚಿದ ಭಾಗ, ಕೊಂಡ ಬೆಲೆ, ದಿನಾಂಕಗಳನ್ನು ಹುಡುಗರ ಕೈಯಿಂದಲೇ ಬರೆಸಬೇಕು. ಸಿದ್ಧವಾದ ಲಾರಿಯ ಬ್ರೇಕನ್ನು ಬರಿದಾದ ಬಯಲಿನಲ್ಲಿ ಪರೀಕ್ಷಿಸಿ, ಅರ್ಹತಾ ಪತ್ರವನ್ನು ಪಡೆದ ತರುವಾಯ ಅರ್ಧ ಹೊರೆಯಿಂದ ಆರಂಭಿಸತಕ್ಕದ್ದು. ಮೊದಲ 50 ಕಿಲೋಮೀಟರು ಮುಗಿದೊಡನೆ ಲಾರಿಯನ್ನು ನಿಲ್ಲಿಸಿ ಗಾಲಿಗಳ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಕೆಲವು ಹಳೆಯ ಲಾರಿಗಳಲ್ಲಿ ಎಡಗಡೆಯ ನಟ್ಟುಗಳು ಎಡಕ್ಕೆ ಸುತ್ತಿದರೆ ಬಿಗಿಯಾಗುವಂತಹವು. ಇದನ್ನರಿಯದೆ ಬಿಗಿಯುತ್ತಿರುವೆನೆಂದು ಸಡಿಲಿಸಿದವರೂ ಉಂಟು.