ಬ್ಯಾಟರಿಗೆ ಜ್ವರ, ಡ್ರೈವರನಿಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಊರಿನಲ್ಲಿ ಹಿರಿಯರ ಬಾಯಿಂದ ಕೇಳಿದ್ದ ಈ ಗಾದೆಯನ್ನು ನಾವು ಕಣ್ಣಾರೆ ಕಂಡದ್ದು ಮುಂಬಯಿಯಲ್ಲಿ. ಲಾರಿಯ ಬ್ಯಾಟರಿ ಕೆಟ್ಟಿತು. ಡ್ರೈವರನ ಸಂಬಳಕ್ಕೆ ಕತ್ತರಿ ಬಿತ್ತು. ಅದು ಯಾರು ಆರಿಸಿ ತಂದ ಬ್ಯಾಟರಿ, ಅದಕ್ಕೆ ನೀರು ಹಾಕಲು ಯಾರು ಕಾಸು ಕೊಟ್ಟಿದ್ದರು, ಅದು ಯಾಕೆ ಕೆಟ್ಟಿತು ಎಂದು ಕೇಳಿದವರು ಒಬ್ಬರೂ ಇಲ್ಲ.

ಸಂಗತಿ ಹೀಗಿದೆ. ನಮ್ಮ ಸಂಘದ ಗೆಳೆಯನೊಬ್ಬ ವಾಶಿಯ ಮಾರುಕಟ್ಟೆಯಿಂದ ಹೋಟೆಲುಗಳಿಗೆ ತರಕಾರಿ ಸಾಗಿಸುವ ಲಾರಿಯ ಡ್ರೈವರ. ಮಳೆಗಾಲದ ಒಂದು ದಿನ ಬೆಳಗಿನ ಜಾವ ಮೂರೂವರೆಗೆ ಮಾಲು ತುಂಬಿಸಿ ಚಾವಿ ತಿರುಗಿಸಿದ. ಲಾರಿ ಕೆಮ್ಮಲೂ ಇಲ್ಲ. ಮೆಕ್ಯಾನಿಕ ಬಂದು ಗಾಡಿ ಎಬ್ಬಿಸುವಷ್ಟರಲ್ಲಿ ಬೆಳಕು ಹರಿದು ಬಿಸಿಲೇರಿತು. ಕೊತ್ತಂಬರಿ, ಪಾಲಕ ಬಾಡಿದವು. ಸಂಜೆ ಲಾರಿಯ ಧಣಿ ಎರಡು ಹೊಸ ಬ್ಯಾಟರಿ ಹಾಕಿಸಿ, “ನಿನ್ನ ಅಲಕ್ಷ್ಯದಿಂದ ಹೀಗಾಯಿತು. 24,000 ರೂಪಾಯಿಯನ್ನು ತಿಂಗಳಿಗೆ 2,000ದಂತೆ ನಿನ್ನ ಸಂಬಳದಲ್ಲಿ ಮುರಿದುಕೊಳ್ಳುತ್ತೇನೆ” ಎಂದು ತೀರ್ಪು ಕೊಟ್ಟ. ಆರೋಪ ಹೊರಿಸಿದವನೂ ಅವನೇ, ನ್ಯಾಯಾಧೀಶನೂ ಅವನೇ, ದಂಡವನ್ನು ಜೇಬಿಗೆ ಇಳಿಸಿದವನೂ ಅವನೇ!

ಲಾರಿಯ ಬ್ಯಾಟರಿಯ ವಿಚಾರ ನಮ್ಮ ಪತ್ರಿಕೆಯಲ್ಲಿ ಯಾಕೆ ಎಂದು ಕೆಲವು ಬಂಧುಗಳು ಕೇಳಬಹುದು. ಸ್ವಲ್ಪ ಯೋಚಿಸಿ ನೋಡಿ. ಹೋಟೆಲಿನಲ್ಲಿ ಮಾಣಿಯ ಕೈಯಿಂದ ಗ್ಲಾಸು ಜಾರಿದರೆ ಗಲ್ಲಾದಲ್ಲಿ ಕುಳಿತವರು ಏನು ಮಾಡುತ್ತಾರೆ? ನೆಲಕ್ಕೆ ಎಣ್ಣೆ ಚೆಲ್ಲಿತ್ತೇ, ಹದಿನಾಲ್ಕು ಗಂಟೆ ನಿಂತ ಕಾಲು ನಡುಗಿತೇ ಎಂದು ಕೇಳುತ್ತಾರೆಯೇ? ಚೀಟಿಯಲ್ಲಿ ಬರೆದಿಟ್ಟು ಸಂಬಳದ ದಿನ ಕಳೆಯುತ್ತಾರೆ. ನಾವೂ ಅಂಥ ಚೀಟಿಗಳಿಗೆ ಬೆವರಿನ ಬೆಲೆ ಕೊಟ್ಟವರೇ. ನಮ್ಮ ಗಿರಣಿಯ ಹಿರಿಯರನ್ನು ಕೇಳಿ. ಒಂದು ಕಾಲಕ್ಕೆ ಈ ಊರಿನ ಗಿರಣಿಗಳಲ್ಲಿ ಮಗ್ಗದ ಮೇಲೆ ಬಟ್ಟೆ ಕೆಟ್ಟರೆ ಆ ಬಟ್ಟೆಯನ್ನೇ ನೇಕಾರನ ಕೈಗೆ ಕೊಟ್ಟು ಅದರ ಬೆಲೆಯನ್ನು ಕೂಲಿಯಿಂದ ಕಡಿಯುತ್ತಿದ್ದರು. ನೂಲು ಕೆಟ್ಟದ್ದೋ ಮಗ್ಗ ಹಳೆಯದೋ ಎಂಬ ಪ್ರಶ್ನೆ ಬರುತ್ತಿರಲಿಲ್ಲ. 1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ಮನೆಗಳ ಎಷ್ಟೋ ಮಕ್ಕಳು ಲಾರಿ, ಟೆಂಪೋಗಳ ಸ್ಟಿಯರಿಂಗು ಹಿಡಿದರು. ಬಟ್ಟೆಯ ಜಾಗಕ್ಕೆ ಬ್ಯಾಟರಿ ಬಂದಿದೆ, ಕತ್ತರಿ ಮಾತ್ರ ಅದೇ!

ಈಗ ಬ್ಯಾಟರಿಯನ್ನೇ ಸಾಕ್ಷಿಯ ಕಟ್ಟೆಗೆ ಹತ್ತಿಸೋಣ. ನಮ್ಮ ವಿದ್ಯೆ ಏಳನೆಯ ತರಗತಿಗೆ ನಿಂತದ್ದು. ಆದರೂ ಹಳೆಯ ಬ್ಯಾಟರಿ ಮೆಕ್ಯಾನಿಕರೊಬ್ಬರ ಅಂಗಡಿಯಲ್ಲಿ ಕೂತು ತಿಳಿದುಕೊಂಡ ಮಟ್ಟಿಗೆ ಹೇಳುತ್ತೇವೆ.

12 ವೋಲ್ಟಿನ ಬ್ಯಾಟರಿಯಲ್ಲಿ ಆರು ಕೋಣೆಗಳಿರುತ್ತವೆ. ಪ್ರತಿ ಕೋಣೆಯಲ್ಲಿ ಸೀಸದ ಪ್ಲೇಟುಗಳು, ನೀರು ಬೆರೆತ ಗಂಧಕಾಮ್ಲ. ಪೂರ್ತಿ ಚಾರ್ಜು ಆಗಿ ವಿಶ್ರಾಂತಿ ಪಡೆದ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ. 12.2ಕ್ಕೆ ಇಳಿದರೆ ಅರ್ಧ ಖಾಲಿ ಎಂದು ತಿಳಿಯಬೇಕು. ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ ಇಂಥ ಎರಡನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ 24 ವೋಲ್ಟು ಮಾಡಿರುತ್ತಾರೆ. ಎರಡೂ ಒಂದೇ ನೊಗದ ಎತ್ತುಗಳು. ಆದುದರಿಂದ ಬದಲಿಸುವಾಗ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಒಂದೇ ಕಂಪನಿ, ಒಂದೇ ಜಾತಿ, ಒಂದೇ ಆಂಪಿಯರ್-ಅವರ್, ಸಾಧ್ಯವಾದಷ್ಟು ಒಂದೇ ತಿಂಗಳಿನ ತಯಾರಿ ಇರಬೇಕು. ಮುದಿ ಎತ್ತಿನ ಜತೆಗೆ ಹೋರಿಯನ್ನು ಕಟ್ಟಿದರೆ ಗಾಡಿ ಸಾಗುವುದಿಲ್ಲ, ಹೋರಿಯೂ ಕೆಡುತ್ತದೆ.

ನಮ್ಮ ಗೆಳೆಯನ ಧಣಿ ಮಾಡಿದ್ದೇನು? ಹಿಂದಿನ ವರ್ಷ ಒಂದು ಬ್ಯಾಟರಿ ಹೋದಾಗ ಇನ್ನೊಂದನ್ನು ಹಾಗೆಯೇ ಉಳಿಸಿಕೊಂಡ. 130 ಆಂಪಿಯರ್-ಅವರಿನ ಆ ಹಳೆಯದರ ಜತೆಗೆ 100ರದ್ದೊಂದನ್ನು ಅಗ್ಗಕ್ಕೆ ತಂದು ಜೋಡಿಸಿದ. “ಎರಡನ್ನೂ ಹಾಕಿಸಿ, ಧಣಿ” ಎಂದು ಡ್ರೈವರ ಆಗಲೇ ಹೇಳಿದ್ದ. “ನೀನು ಗಾಡಿ ಓಡಿಸು, ಲೆಕ್ಕ ನಾನು ನೋಡುತ್ತೇನೆ” ಎಂಬ ಉತ್ತರ ಬಂದಿತ್ತು. ಲೆಕ್ಕ ಚೆನ್ನಾಗಿಯೇ ನೋಡಿದ! ಸಾಲಿನಲ್ಲಿ ಕಟ್ಟಿದ ಬ್ಯಾಟರಿಗಳಲ್ಲಿ ಒಂದೇ ಪ್ರವಾಹ ಹರಿಯುವುದರಿಂದ ಚಿಕ್ಕದು ಮೊದಲು ಬರಿದಾಗುತ್ತದೆ. ಚಾರ್ಜು ಆಗುವಾಗ ಒಂದು ಕುದಿಯುತ್ತದೆ, ಇನ್ನೊಂದು ಹಸಿದೇ ಉಳಿಯುತ್ತದೆ.

ಇಷ್ಟು ಸಾಲದೆಂದು ಲಾರಿಗೆ ಹಾಡಿನ ಪೆಟ್ಟಿಗೆ, ಬಣ್ಣದ ದೀಪ, ಫ್ಯಾನು ಬಂದವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಅವೆಲ್ಲ 12 ವೋಲ್ಟಿನವು. 24ರಿಂದ 12ಕ್ಕೆ ಇಳಿಸುವ ಪೆಟ್ಟಿಗೆಯ ಖರ್ಚು ಉಳಿಸಲು ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ ತಂತಿ ಎಳೆದರು. ಹಗಲಿರುಳು ಒಂದೇ ಬ್ಯಾಟರಿಯ ರಕ್ತ ಹೀರುವ ಕೆಲಸ ಇದು. ಬಲ್ಲ ಮೆಕ್ಯಾನಿಕನು ಯಾರೂ ಇದನ್ನು ಒಪ್ಪುವುದಿಲ್ಲ.

ಇನ್ನು ಜೋಪಾನದ ಮಾತು. ಚಳಿದೇಶದಲ್ಲಿ ಬ್ಯಾಟರಿಗೆ ಚಳಿಯ ಕಾಟ. ನಮ್ಮ ಕಡೆ ಸೆಕೆಯೇ ಅದರ ಶತ್ರು. ಸೆಕೆಗೆ ನೀರು ಆವಿಯಾಗಿ ಪ್ಲೇಟಿನ ತಲೆ ಹೊರಗೆ ಕಂಡರೆ ಅಷ್ಟು ಭಾಗ ಕೆಟ್ಟಿತೆಂದೇ ಲೆಕ್ಕ. ನೀರು ಹಾಕುವ ಜಾತಿಯ ಬ್ಯಾಟರಿಯಾದರೆ ಹದಿನೈದು ದಿನಕ್ಕೊಮ್ಮೆ ಮುಚ್ಚಳ ತೆಗೆದು ನೋಡಬೇಕು. ಹಾಕುವುದು ಬಟ್ಟಿ ಇಳಿಸಿದ ನೀರನ್ನೇ. ನಲ್ಲಿಯ ನೀರಿನ ಕ್ಲೋರೀನು, ಕಬ್ಬಿಣ, ಲವಣಗಳು ಪ್ಲೇಟನ್ನು ತಿನ್ನುತ್ತವೆ. ಆಸಿಡ್ಡನ್ನಂತೂ ಮೇಲಿಂದ ಸುರಿಯಲೇಬಾರದು. ಆವಿಯಾಗುವುದು ನೀರೇ ಹೊರತು ಆಸಿಡ್ಡಲ್ಲ. ಬ್ಯಾಟರಿಯನ್ನು ತಗ್ಗಿದ ಚಾರ್ಜಿನಲ್ಲಿ ದಿನಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜು ಮಾಡಿದರೂ ಅದು ಹಿಂದಿನ ಬಲಕ್ಕೆ ಬರುವುದಿಲ್ಲ.

ನಮ್ಮ ಗೆಳೆಯ ಬಟ್ಟಿ ನೀರಿನ ಕ್ಯಾನು ಕೇಳಿದಾಗ ಸಿಕ್ಕ ಉತ್ತರ: “ಹೋಟೆಲಿನ ನಲ್ಲಿಯಲ್ಲಿ ನೀರಿಲ್ಲವೇ?” ಬ್ಯಾಟರಿಯನ್ನು ಬಿಗಿದು ಹಿಡಿಯುವ ಕಬ್ಬಿಣದ ಪಟ್ಟಿ ಮುರಿದಾಗ ಹೊಸದು ಬರಲಿಲ್ಲ, ನಾರಿನ ಹಗ್ಗ ಬಂತು. ಮಳೆಗಾಲದ ಗುಂಡಿ ರಸ್ತೆಯಲ್ಲಿ ಬ್ಯಾಟರಿ ಕುಣಿಯಿತು. ಪ್ಲೇಟಿನ ಪುಡಿ ಉದುರಿ ತಳಕ್ಕೆ ಕೂತಿತು. ಮಾರುಕಟ್ಟೆಯ ಸಾಲಿನಲ್ಲಿ ಗಂಟೆಗಟ್ಟಲೆ ನಿಂತಾಗ ಡೀಸೆಲು ಉಳಿಸಲು ಇಂಜಿನು ಬಂದ್ ಮಾಡಬೇಕೆಂದು ಅಪ್ಪಣೆ. ದೀಪ ಮಾತ್ರ ಉರಿಯುತ್ತಲೇ ಇರಬೇಕು. ಡೀಸೆಲಿನಲ್ಲಿ ಉಳಿಸಿದ್ದನ್ನು ಬ್ಯಾಟರಿಯಲ್ಲಿ ಕಳೆದರು. ಕಳೆದದ್ದನ್ನು ಡ್ರೈವರನ ಸಂಬಳದಲ್ಲಿ ತುಂಬಿಕೊಂಡರು.

ಆ ದಿನ ಬಂದ ಮೆಕ್ಯಾನಿಕ ಹೈಡ್ರೋಮೀಟರು ಹಾಕಿ ನೋಡಿದ್ದ. ಹಳೆಯ ಬ್ಯಾಟರಿಯ ಐದು ಕೋಣೆಗಳಲ್ಲಿ 1.230ರ ಹತ್ತಿರ, ಒಂದರಲ್ಲಿ 1.120. ಕೋಣೆ ಕೋಣೆಗಳ ನಡುವೆ 0.050ರಷ್ಟು ಅಂತರ ಬಂದರೇ ಆ ಕೋಣೆ ಕೆಟ್ಟಿತೆಂದು ಈ ಕಸುಬಿನವರೆಲ್ಲ ಬಲ್ಲರು. ಇಲ್ಲಿ ಅಂತರ ಅದರ ಇಮ್ಮಡಿಗೂ ಮಿಕ್ಕಿದೆ. ಒಳಗೆ ಸತ್ತ ಕೋಣೆಗೆ ಹೊರಗೆ ಕೂತ ಡ್ರೈವರ ಹೊಣೆಯೇ? “ಇದು ಸವೆದು ಸತ್ತ ಬ್ಯಾಟರಿ” ಎಂದು ಮೆಕ್ಯಾನಿಕ ಧಣಿಯ ಎದುರಿಗೇ ಹೇಳಿದ. ಧಣಿಯ ಕಿವಿಗೆ ಅದು ಹೋಗಲಿಲ್ಲ.

“ಡ್ರೈವರನ ಜೇಬಿಗೆ ತಾಗದಿದ್ದರೆ ಜವಾಬ್ದಾರಿ ಬರುವುದಿಲ್ಲ” ಎನ್ನುತ್ತಾರೆ ಮಾಲಿಕರು. ಸರಿ, ಒಪ್ಪೋಣ. ಜವಾಬ್ದಾರಿಯ ಜತೆಗೆ ಅಧಿಕಾರವನ್ನೂ ಕೊಡಿ. ಬ್ಯಾಟರಿ ಆರಿಸುವಾಗ ಅವನ ಮಾತು ಕೇಳಿ, ನೀರಿಗೆ ಕಾಸು ಕೊಡಿ, ನೋಡಿಕೊಳ್ಳಲು ವಾರಕ್ಕೆ ಅರ್ಧ ಗಂಟೆ ಕೊಡಿ. ಆರಿಸುವಾಗ ನೀವು, ಅಳುವಾಗ ಅವನು ಎಂದರೆ ಅದು ಯಾವ ಊರಿನ ನ್ಯಾಯ?

“ಈಗಿನ ಬ್ಯಾಟರಿಗೆ ನೀರೇ ಬೇಡ, ಜೋಪಾನವೇ ಬೇಡ” ಎಂಬುದು ಇನ್ನೊಂದು ವಾದ. ಮುಚ್ಚಿದ ಬ್ಯಾಟರಿಗೆ ನೀರು ಬೇಡ ನಿಜ. ಆದರೆ ಬಿಗಿಯಾದ ಪಟ್ಟಿ ಬೇಡವೇ? ಟರ್ಮಿನಲಿನ ಬಿಳಿ, ಹಸಿರು ಹುಡಿಯನ್ನು ಅಡುಗೆ ಸೋಡಾದ ಬಿಸಿನೀರಿನಲ್ಲಿ ತೊಳೆದು, ಒರೆಸಿ, ವ್ಯಾಸಲೀನು ಸವರುವುದು ಬೇಡವೇ? ಇಂಜಿನು ಓಡುವಾಗ ಚಾರ್ಜಿನ ವೋಲ್ಟು 24ರ ಗಾಡಿಯಲ್ಲಿ 28ರ ಆಸುಪಾಸಿಗೆ ಇದೆಯೇ ಎಂದು ಅಳೆಯುವುದು ಬೇಡವೇ? ಅದು ತಗ್ಗಿದರೆ ಬ್ಯಾಟರಿ ಹಸಿಯುತ್ತದೆ, ಹೆಚ್ಚಿದರೆ ಬೇಯುತ್ತದೆ. ಆಲ್ಟರ್ನೇಟರಿನ ರೋಗಕ್ಕೆ ಬ್ಯಾಟರಿ ಬದಲಿಸಿದರೆ ಹೊಸದೂ ಸಾಯುತ್ತದೆ. ಆಗ ಮತ್ತೆ ಯಾರ ಸಂಬಳ ಕಡಿಯುವಿರಿ?

ನಮ್ಮವರ ತಪ್ಪನ್ನೂ ಮುಚ್ಚಿಡುವುದಿಲ್ಲ. ತಿಂಗಳುಗಟ್ಟಲೆ ಮುಚ್ಚಳ ತೆಗೆದು ನೋಡದ ಡ್ರೈವರರು, ಕ್ಲೀನರರು ಇದ್ದಾರೆ. ಬಾಯಲ್ಲಿ ಬೀಡಿ ಇಟ್ಟುಕೊಂಡು ಬ್ಯಾಟರಿಯ ಮೇಲೆ ಬಗ್ಗುವವರಿದ್ದಾರೆ. ತಮ್ಮಂದಿರೇ, ಚಾರ್ಜು ಆಗುವಾಗ ಅದರಿಂದ ಜಲಜನಕ ಹೊರಡುತ್ತದೆ. ಒಂದು ಕಿಡಿ ಸಾಕು, ಬ್ಯಾಟರಿ ಸಿಡಿದು ಆಸಿಡ್ಡು ಕಣ್ಣಿಗೆ ಹಾರುತ್ತದೆ. ಬಿಚ್ಚುವಾಗ ಬಾಡಿಗೆ ಕಟ್ಟಿದ ಮೈನಸ್ ತಂತಿಯನ್ನು ಮೊದಲು ಬಿಚ್ಚಿ, ಜೋಡಿಸುವಾಗ ಅದನ್ನೇ ಕೊನೆಗೆ ಜೋಡಿಸಿ. ಆಗ ಪಾನಾ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಕೇಳುವ ಹಕ್ಕು ಬೇಕಾದರೆ ಕೆಲಸದಲ್ಲಿ ನಮ್ಮ ಕೈ ಸ್ವಚ್ಛವಾಗಿರಬೇಕು.

ಕಾಯ್ದೆ ಏನು ಹೇಳುತ್ತದೆ? ಜೋಪಾನಕ್ಕೆಂದು ಸ್ಪಷ್ಟವಾಗಿ ಒಪ್ಪಿಸಿದ ವಸ್ತು ಕೆಲಸಗಾರನ ಅಲಕ್ಷ್ಯದಿಂದಲೇ ನೇರವಾಗಿ ಹಾಳಾಗಿದ್ದರೆ ಮಾತ್ರ ಸಂಬಳದಲ್ಲಿ ಮುರಿಯಬಹುದು. ಆದ ನಷ್ಟಕ್ಕಿಂತ ಒಂದು ಕಾಸೂ ಹೆಚ್ಚು ಮುರಿಯಬಾರದು. ಮುರಿಯುವ ಮೊದಲು ಅವನ ಸಮಜಾಯಿಷಿ ಕೇಳಬೇಕು. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಈ ಕಟ್ಟಳೆಯನ್ನು 2019ರ ವೇತನ ಸಂಹಿತೆಯೂ ಉಳಿಸಿಕೊಂಡಿದೆ. ನಮ್ಮ ಗೆಳೆಯನ ಸಮಜಾಯಿಷಿಯನ್ನು ಯಾರು ಕೇಳಿದರು?

ಇನ್ನೂ ಒಂದು ಮಾತಿದೆ. ಸತ್ತ ಬ್ಯಾಟರಿಗೂ ಬೆಲೆಯುಂಟು. ಅದರ ಸೀಸವನ್ನು ಕರಗಿಸಿ ಮತ್ತೆ ಬಳಸುತ್ತಾರೆ. ಅದಕ್ಕಾಗಿ ಅಂಗಡಿಯವರು ಹಳೆಯದನ್ನು ತೆಗೆದುಕೊಂಡು ಹೊಸದರ ಬೆಲೆ ಇಳಿಸುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆಯೂ ಅದು ಗುಜರಿಯವನ ಒಲೆಗೆ ಹೋಗದೆ ನೋಂದಾಯಿತರ ಕೈಗೇ ಹೋಗಬೇಕು. ಆ ಹೊಗೆ ಕೇರಿಯ ಮಕ್ಕಳಿಗೆ ವಿಷ. ನಾವು ಬಿಲ್ಲು ಕೇಳಿದೆವು. ಮೂರು ಸಲ ಕೇಳಿದ ಮೇಲೆ ಬಂತು. ಹೊಸ ಬ್ಯಾಟರಿಗಳ ಬೆಲೆ 24,000, ಹಳೆಯವುಗಳಿಗೆ ಕಳೆದದ್ದು 4,000, ಕೊಟ್ಟದ್ದು 20,000. ಡ್ರೈವರನ ತಲೆಗೆ ಕಟ್ಟಿದ್ದು 24,000! ಹೆಣದ ಮೇಲಿನ ಕಾಸನ್ನೂ ಬಿಡದವರು ಅಲಕ್ಷ್ಯದ ಪಾಠ ಹೇಳುತ್ತಾರೆ. ಹೊಸ ಬ್ಯಾಟರಿಯ ವಾರಂಟಿಯ ಚೀಟಿಯೂ ಧಣಿಯ ಕಪಾಟಿನಲ್ಲಿದೆ. ನಾಳೆ ಕಂಪನಿ ಬದಲಿ ಕೊಟ್ಟರೆ ಲಾಭ ಯಾರಿಗೆ?

ಆದುದರಿಂದ ಲಾರಿ, ಟೆಂಪೋ ಮಾಲಿಕರ ಮುಂದೆ ನಾವು ಇಡುವ ಬೇಡಿಕೆಗಳು ಇವು:

1. ಬ್ಯಾಟರಿ, ಟಯರು ಮೊದಲಾದ ಸವೆಯುವ ಸಾಮಾನಿನ ಖರ್ಚು ಧಣಿಯದು. ಸವೆತಕ್ಕೆ ಸಂಬಳ ಮುರಿಯಕೂಡದು.

2. ಜೋಡಿ ಬ್ಯಾಟರಿಯ ಗಾಡಿಯಲ್ಲಿ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಗಾಡಿಯ ಕಂಪನಿ ಹೇಳಿದ ಅಳತೆಗೆ ಕಡಿಮೆಯದನ್ನು ತರಬಾರದು.

3. ಬಟ್ಟಿ ನೀರು, ಪಟ್ಟಿ, ಹೈಡ್ರೋಮೀಟರು ಗಾಡಿಯಲ್ಲಿರಬೇಕು. ನೋಡಿಕೊಳ್ಳುವ ಹೊತ್ತು ಕೆಲಸದ ಹೊತ್ತಿನಲ್ಲೇ ಸೇರಬೇಕು.

4. ನಷ್ಟದ ಆರೋಪ ಬಂದರೆ ಮೆಕ್ಯಾನಿಕನ ಬರಹ, ಅಂಗಡಿಯ ಬಿಲ್ಲು, ಕೆಲಸಗಾರನ ಹೇಳಿಕೆ ಮೂರೂ ಎದುರಿಗೆ ಬಂದ ಮೇಲೆಯೇ ಮಾತು.

ಡ್ರೈವರ ಬಂಧುಗಳಿಗೂ ಒಂದು ಮಾತು. ನಾಲ್ಕಾಣೆಯ ನೋಟ್‌ಬುಕ್ಕಿನ ಕಾಲ ಹೋಯಿತು. ಆದರೂ ಒಂದು ಪುಸ್ತಕ ಕೊಳ್ಳಿ. ಬ್ಯಾಟರಿ ಹಾಕಿದ ತಾರೀಖು, ನೀರು ನೋಡಿದ ದಿನ, ಧಣಿಗೆ ಏನು ಕೇಳಿದಿರಿ, ಏನು ಉತ್ತರ ಬಂತು, ಎಲ್ಲವನ್ನೂ ಬರೆದಿಡಿ. ನಮ್ಮ ಗೆಳೆಯನ ಹತ್ತಿರ ಅಂಥ ಪುಸ್ತಕ ಇರಲಿಲ್ಲ; ಕ್ಲೀನರ ಹುಡುಗನ ನೆನಪು, ಮೆಕ್ಯಾನಿಕನ ಸತ್ಯ ಮಾತ್ರ ಇದ್ದವು.

ಮೂರು ಕಂತು ಮುರಿದ ಮೇಲೆ, ಬಿಲ್ಲು ಹೊರಬಿದ್ದ ತಿಂಗಳಿನಿಂದ ಮುರಿತ ನಿಂತಿದೆ. ಮುರಿದ 6,000 ಇನ್ನೂ ಹಿಂದಿರುಗಿಲ್ಲ. ಆ ದುಡ್ಡಿನಲ್ಲಿ ಅವನ ಮಗಳ ಶಾಲೆಯ ಫೀಸು ಇತ್ತು. ಅದು ಅವನ ಕೈಗೆ ಬರುವ ತನಕ ನಾವು ಆ ಧಣಿಯ ಬಾಗಿಲಿಗೆ ಪ್ರತಿ ಸಂಬಳದ ದಿನವೂ ಹೋಗುತ್ತೇವೆ. ಹೋಟೆಲಿನವರು, ಗಿರಣಿಯವರು, ಬಿಡುವಿದ್ದವರೆಲ್ಲ ಜತೆಗೆ ಬನ್ನಿ. ಇವತ್ತು ಅವನ ಬ್ಯಾಟರಿ, ನಾಳೆ ನಿಮ್ಮ ಗ್ಲಾಸು.